ತಕಾರಕ್ಕೆ ಬಕಾರದ ಒತ್ತು

ಮೂವತ್ತೊಂದು ವರ್ಷ ಅಚ್ಚಿನ ಮೊಳೆ ಜೋಡಿಸಿದೆ.
ತಕಾರಕ್ಕೆ ಬಕಾರದ ಒತ್ತು ಕೊಡುವ ಪ್ರಮೇಯ
ಒಮ್ಮೆಯೂ ಬರಲಿಲ್ಲ. ಬಂದೀತು ಎನ್ನುವಾಗ
ಜಶ್ತ್ವ ಸಂಧಿ ನಡುವೆ ಬಂದು
ತಕಾರವನ್ನು ದಕಾರ ಮಾಡಿ ಕೈತೊಳೆಯುತ್ತಿತ್ತು.
ಬಂತು ನೋಡಿ, ಅರವತ್ತೆರಡಕ್ಕೆ: ತ್ಬಿಲಿಸಿ.
ಊರ ನಡುವಿನ ಹೊಳೆ ಇನ್ನೂ ಒಂದು ಕೈ ಮೇಲು,
ಮ್ತ್ಕ್ವರಿ. ಒಂದರ ಹೆಗಲೇರಿ ಒಂದು ನಾಲ್ಕು ವ್ಯಂಜನ,
ಸ್ವರ ಕೊನೆಗೆ ಓಡಿಬಂದು ಬಸ್ಸು ಹತ್ತಿದ ಹಾಗೆ.

ಫಿಲೋಮಿನಾ ಬರಬೇಕಿತ್ತು ಜೊತೆಗೆ.
ಹೊರಡುವ ವಾರ ಅವಳ ಮಂಡಿ ಕೈಕೊಟ್ಟಿತು.
‘ನನ್ನ ಪಾಲಿಂದೂ ನೀನೇ ನಡಿ’ ಅಂದಳು.
ಅದಕ್ಕೇ ಎಂಟಕ್ಕೆಲ್ಲ ಇಳಿದೆ
ಲಾಮಾರಾಳ ಮನೆಯ ನರಳುವ ಮರದ ಮೆಟ್ಟಿಲು,
ಅಂಗಳದ ದ್ರಾಕ್ಷಿಬಳ್ಳಿಯಡಿ ತೊಟ್ಟಿಕ್ಕುವ ಚಾದರ ದಾಟಿ.

ಬೋರ್ಡುಗಳ ತುಂಬ ದುಂಡು ದುಂಡು ಅಕ್ಷರ.
ದೂರದಿಂದ ನಮ್ಮವೇ. ಹತ್ತಿರ ಹೋದರೆ
ನೆಂಟನೆಂದು ಬೆನ್ನು ತಟ್ಟಿ
ತಿರುಗಿದ ಮುಖ ಬೇರೆಯವನದಾದ ಹಾಗೆ.
ತಲೆಕಟ್ಟು ಬಿದ್ದುಹೋದ ರ, ಹೊಟ್ಟೆ ಬಿಚ್ಚಿಕೊಂಡ ಠ.
ಕಣ್ಣು ತನ್ನಷ್ಟಕ್ಕೆ ತಿದ್ದತೊಡಗಿತು:
ಯಾರದೋ ಔಷಧಿ ಅಂಗಡಿಗೆ ಕೊಂಬು ಕೊಟ್ಟೆ, ದೀರ್ಘ ಎಳೆದೆ,
ಔಷಧಿ ಅಂಗಡಿಯೇ ಆಗಿದ್ದರೆ.

ಹಿಂದೊಮ್ಮೆ ಬಸ್‌ ಸ್ಟ್ಯಾಂಡಿನಲ್ಲಿ ಒಬ್ಬಳು
‘ಇದು ಎಲ್ಲಿಗೋಯ್ತದವ್ವಾ’ ಅಂತ ಕೇಳಿದ್ದಳು.
ಕರಡಿನಿಂದ ತಲೆಯೆತ್ತದೆ
‘ಮೇಲೆ ಬರೆದಿದೆಯಲ್ಲ’ ಅಂದಿದ್ದೆ.
ಬರೆದಿತ್ತು.
ಇಲ್ಲೂ ಎಲ್ಲ ಬರೆದಿದೆ.

ಕಾಲಿನ ಮಟ್ಟಕ್ಕೆ ಒಂದು ಕಿಟಕಿ. ಒಳಗೆ
ಬಾವಿಯಂಥ ಒಲೆಗೆ ಸೊಂಟದವರೆಗೆ ಬಗ್ಗಿ
ಒಬ್ಬ ಗೋಡೆಗೆ ಹಿಟ್ಟು ಬಡಿಯುತ್ತಿದ್ದ.
‘ಪುರಿ?’ ಅಂದಳು ಕಿಟಕಿಯಾಕೆ.
ಕಡಲೆಪುರಿಯೋ, ಪೂರಿ ಸಾಗುವೋ,
ಏನಾದರಾಗಲಿ, ಹೂಂ ಅಂದೆ.
ಬಂದದ್ದು ದೋಣಿಯಂಥ ರೊಟ್ಟಿ, ಎರಡೂ ತುದಿ ಚೂಪು,
ಕಾಗದ ಸುತ್ತಿದರೂ ಅಂಗೈ ಸುಡುತ್ತ.
ಒಂದು ತುದಿ ನಾಯಿಗೆ ಹೋಯಿತು.
ಕಿವಿಯಲ್ಲಿ ಹಳದಿ ಬಿಲ್ಲೆ ತೊಟ್ಟು
ಅದೇ ಮುಂದೆ, ನಾನು ಹಿಂದೆ. ಕೆಂಪು ದೀಪಕ್ಕೆ ನಿಲ್ಲುತ್ತಿತ್ತು,
ನಾನು ಬಂದೆನೋ ಎಂದು ತಿರುಗಿ ನೋಡುತ್ತಿತ್ತು.

ಎದುರು ಬದಿಯಲ್ಲಿ ಮಗುವೊಂದು ‘ಮಾಮಾ!’ ಎಂದು ಕೂಗಿತು.
ಎತ್ತಿಕೊಂಡವನ ಮೂಗೂ ಅದರ ಮೂಗೂ ಒಂದೇ ಅಚ್ಚು.
ಇಲ್ಲಿ ಅಪ್ಪನಿಗೇ ಹಾಗನ್ನುವುದಂತೆ.

ಒಣ ಸೇತುವೆ ಎಂಬಲ್ಲಿ ಹಳೆ ಸಾಮಾನಿನ ಸಂತೆ.
ಯಾರದೋ ಪದಕಗಳು, ಕಣ್ಣು ಹೋದ ಕ್ಯಾಮೆರಾ,
ಕಾಲಿಲ್ಲದ ಗಾಜಿನ ಲೋಟ. ಮುದುಕ ಜುಂಬೇರನ ಜಮಖಾನೆಯ ಮೇಲೆ
ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ
ಸೀಸದ ಮೊಳೆ!
ಕೇಳದೆಯೇ ಕೂತುಬಿಟ್ಟೆ ಅವನ ಸ್ಟೂಲಿನ ಮೇಲೆ.
ಒಂದನ್ನು ತೆಗೆದೆ, ಬೆರಳಿಗೆ ತೂಕ ಗುರುತಿತ್ತು:
ಮೇಲೆ ಬಟ್ಟಲು, ಕೆಳಗೆ ಬಾಲ, ಎಲ್ಲ ತಿರುಗುಮುರುಗು.
ಏನಿದು ಎಂದು ಹುಬ್ಬೇರಿಸಿದೆ.
ಗಂಟಲಿನ ತಳದಲ್ಲಿ ಬಿರಡೆ ಕಿತ್ತ ಸದ್ದು ಮಾಡಿದ.
ನಾನೂ ಕಿತ್ತೆ. ಬರೀ ಕೆಮ್ಮು ಬಂತು.
ಪಕ್ಕದವಳು ಕಪ್ಪೆಯ ಹಾಗೆ ವಟಗುಟ್ಟಿ ತೋರಿಸಿದಳು,
ಮತ್ತಿಬ್ಬರು ಸೇರಿದರು, ನಾಯಿ ಆಕಳಿಸಿತು.

ಸೋತು ಕೂರುವುದೆ? ಎದೆಗೆ ಬೆರಳು ತೋರಿಸಿ
ನಮ್ಮಲ್ಲಿ ಇದಕ್ಕೆ ‘ಮೊಳೆ’ ಅಂದೆ.
ನಾಲಗೆ ಹೇಗೆ ಮಡಚುತ್ತದೆಂದು ಬಾಯಿ ತೆರೆದೂ ತೋರಿಸಿದೆ.
ಅವನ ಳ ಮಡಚಲಿಲ್ಲ. ನೇರ ಲ ಆಗಿ,
ಗಟ್ಟಿಯಾಗಿ, ಸಂತೆಗೆಲ್ಲ ಕೇಳುವ ಹಾಗೆ,
ಮೂರು ಸಲ.
ಕನ್ನಡ ಬಲ್ಲವರು ಹತ್ತಿರದಲ್ಲಿರಲಿಲ್ಲ, ಪುಣ್ಯ.
ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಯಾಕೆಂದು ಹೇಳಲಾಗದೆ
ಇನ್ನೂ ನಕ್ಕೆ. ಫಿಲೋಮಿನಾ ಇದ್ದಿದ್ದರೆ
ಸೇತುವೆ ಹಿಡಿದುಕೊಂಡು ನಿಲ್ಲಬೇಕಾಗುತ್ತಿತ್ತು.

ಕತ್ತಲಾಗುವ ಹೊತ್ತಿಗೆ ದಾರಿ ತಪ್ಪಿತ್ತು.
ಬೋಳು ಮರದಲ್ಲಿ ದೀಪದಂಥ ಕೆಂಪು ಹಣ್ಣಿದ್ದ ತಿರುವು
ಎರಡು ಸಲ ಬಂತು.
ಯಾವ ಮೂಲೆಯಲ್ಲೋ ನಾಯಿ ಬೇರೆಯವರ ಜೊತೆ ಹೊರಟುಹೋಗಿತ್ತು.
ಹಳೇ ಹೆಂಗಸೊಬ್ಬಳಿಗೆ ವಿಳಾಸದ ಚೀಟಿ ಹಿಡಿದೆ.
ಓದಿದಳು. ಓದಿ ಬೆರಳು ತೋರಿಸಲಿಲ್ಲ,
ತೋಳು ಹಿಡಿದು ಗೇಟಿನವರೆಗೂ ಬಂದಳು.

ಜೇಬಿನಲ್ಲಿ ಬಿಗಿಯಾಗಿ ಹಿಡಿದಿದ್ದ ಮೊಳೆ
ಅಂಗೈಯಲ್ಲಿ ಮೂಡಿತ್ತು, ಈಗ ನೇರವಾಗಿ.
ಲಾಮಾರಾಳಿಗೆ ತೋರಿಸಿದೆ. ಕನ್ನಡಕ ತಂದು,
ದೀಪದಡಿ ಹಿಡಿದು, ಲೀಲಾಜಾಲವಾಗಿ ಬಿರಡೆ ಕಿತ್ತಳು.
ಆಮೇಲೆ ನನ್ನ ಬೂಟಿನ ಕೆಸರು ತೋರಿಸಿ
ಗಂಡಸರ ಚಪ್ಪಲಿ ಒಂದು ಜೊತೆ ಮುಂದೆ ತಳ್ಳಿದಳು.
ಎರಡಂಗುಲ ದೊಡ್ಡವು.